ಶಾಲೆಯ ದಾರಿಯ ಹಕ್ಕಿಗಳು

ಪ್ರಾಥಮಿಕ ತರಗತಿಯಲ್ಲಿ ಹಕ್ಕಿಗಳ ಪಾಠ ಬಂದಾಗ ಕರಿಹಲಗೆಯ ಮೇಲೆ ಮೂಡುವ ಪಟ್ಟಿ ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲಿಯೂ ಒಂದೇ ಆಗಿರುತ್ತದೆ: ಕಾಗೆ, ಗಿಳಿ, ಕೋಗಿಲೆ, ನವಿಲು, ಪಾರಿವಾಳ, ಗುಬ್ಬಚ್ಚಿ. ಗೋಡೆಯ ಭಿತ್ತಿಪಟವನ್ನು ನೋಡಿದ ಮಕ್ಕಳು ಇದಕ್ಕೆ ಉಷ್ಟ್ರಪಕ್ಷಿಯನ್ನೂ ಪೆಂಗ್ವಿನನ್ನೂ ಸೇರಿಸುತ್ತಾರೆ. ಅದೇ ಹೊತ್ತಿನಲ್ಲಿ ಕಿಟಕಿಯಾಚೆಯ ಹಲಸಿನ ಮರದಿಂದ 'ಕುಟ್ರು, ಕುಟ್ರು' ಎಂಬ ಕೂಗು ಎಡೆಬಿಡದೆ ಕೇಳಿಬರುತ್ತಿರುತ್ತದೆ. ಅದನ್ನು ಪಟ್ಟಿಗೆ ಸೇರಿಸಬೇಕೆಂದು ಯಾರಿಗೂ ತೋಚುವುದಿಲ್ಲ. ದಕ್ಷಿಣ ಧ್ರುವದ ಹಕ್ಕಿಯ ಹೆಸರು ಗೊತ್ತಿದ್ದು ಅಂಗಳದ ಹಕ್ಕಿಯ ಹೆಸರು ಗೊತ್ತಿಲ್ಲದಿರುವುದು ಮಕ್ಕಳ ತಪ್ಪಲ್ಲ. ಆ ಹೆಸರನ್ನು ಅವರ ಕಿವಿಗೆ ಹಾಕಿದವರಿಲ್ಲ.

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಇಲ್ಲಿನ ಮಗುವಿನ ಮನೆಮಾತು ತುಳುವಾಗಿರಬಹುದು, ಹವ್ಯಕ ಕನ್ನಡವಾಗಿರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲೆಯಾಳವಾಗಿರಬಹುದು. ಶಾಲೆಯ ಮಾತು ಕನ್ನಡ, ಬಸ್ಸಿನ ಮಾತು ಮಲೆಯಾಳ, ಮೊಬೈಲಿನ ಮಾತು ಇಂಗ್ಲಿಷು. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದೇ ಹಕ್ಕಿಗೆ ಮೂರು ನಾಲ್ಕು ಹೆಸರುಗಳು ದೊರೆಯಬೇಕಾಗಿತ್ತು. ಆದರೆ ಅನೇಕ ವೇಳೆ ನಡೆಯುವುದು ಇದರ ವಿರುದ್ಧ: ಅಜ್ಜಿಯ ಮಾತು ಶಾಲೆಗೆ ಬರುವುದಿಲ್ಲ, ಶಾಲೆಯ ಮಾತು ತೋಟಕ್ಕೆ ಹೋಗುವುದಿಲ್ಲ, ಹಕ್ಕಿಯು ಇವೆರಡರ ನಡುವಿನ ಸಂದಿಯಲ್ಲಿ ಹೆಸರಿಲ್ಲದೆ ಹಾರಿಹೋಗುತ್ತದೆ. ಆ ಸಂದಿಯನ್ನು ಮುಚ್ಚಲು ಕನ್ನಡದ ಅಧ್ಯಾಪಕರಿಗೆ ಇರುವ ಸುಲಭ ಸಾಧನಗಳಲ್ಲಿ ಪಕ್ಷಿವೀಕ್ಷಣೆಯೂ ಒಂದು. ಅದು ಪರಿಸರ ಅಧ್ಯಯನದ ಪಾಠವಾಗಿರುವಷ್ಟೇ ಭಾಷೆಯ ಪಾಠವೂ ಆಗಿದೆ.

ಕಾಗೆಯಿಂದ ಆರಂಭ

ಹಕ್ಕಿ ನೋಡುವುದನ್ನು ಕಲಿಸಲು ಕಾಡಿಗೆ ಹೋಗಬೇಕಾಗಿಲ್ಲ. ಮಧ್ಯಾಹ್ನದ ಊಟದ ಬಳಿಕ ಕೈತೊಳೆಯುವ ನಳ್ಳಿಯ ಬಳಿ ಸೇರುವ ಕಾಗೆಗಳೇ ಮೊದಲ ಪಾಠಕ್ಕೆ ಸಾಕು. ಕಾಗೆಯ ಬಣ್ಣ ಯಾವುದು ಎಂದು ಕೇಳಿದರೆ ಇಡೀ ತರಗತಿ ಒಂದೇ ಸ್ವರದಲ್ಲಿ 'ಕಪ್ಪು' ಎನ್ನುತ್ತದೆ. ಆಮೇಲೆ ಹತ್ತು ನಿಮಿಷ ಮಾತಿಲ್ಲದೆ ನೋಡಿ ಬರುವಂತೆ ಹೇಳಬೇಕು. ಕೆಲವು ಕಾಗೆಗಳ ಕತ್ತು ಮತ್ತು ಎದೆ ಬೂದು ಬಣ್ಣದ್ದೆಂದೂ ಇನ್ನು ಕೆಲವು ಮೈಯೆಲ್ಲ ಕಪ್ಪಾಗಿ, ಕೊಕ್ಕು ದಪ್ಪವಾಗಿ, ಧ್ವನಿ ಹೆಚ್ಚು ಒರಟಾಗಿ ಇವೆಯೆಂದೂ ಯಾರಾದರೂ ಒಬ್ಬ ವಿದ್ಯಾರ್ಥಿ ಗುರುತಿಸದೆ ಇರುವುದಿಲ್ಲ. ಮೊದಲಿನದು ಊರಕಾಗೆ, ಎರಡನೆಯದು ಕಾಡುಕಾಗೆ. ಮಲೆಯಾಳದಲ್ಲಿ ಮೊದಲಿನದು ಪೇನಕ್ಕಾಕ್ಕ. ಎರಡನೆಯದು ಬಲಿಕ್ಕಾಕ್ಕ, ಎಂದರೆ ಪಿತೃಗಳಿಗೆ ಇಟ್ಟ ಬಲಿಯನ್ನು ಎತ್ತುವ ಕಾಗೆ. ದಿನವೂ ಕಾಣುವ ಕಾಗೆಯನ್ನು ಇದುವರೆಗೆ ನೋಡಿರಲಿಲ್ಲ ಎಂಬ ಅರಿವು ಮಕ್ಕಳಲ್ಲಿ ಮೂಡಿದ ಕ್ಷಣದಿಂದ ಪಾಠ ತಾನಾಗಿ ಮುಂದುವರಿಯುತ್ತದೆ.

ಬಣ್ಣವು ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಗುರುತಿಸುವಾಗ ಅದನ್ನು ಕೊನೆಗೆ ಇಡುವುದು ಒಳ್ಳೆಯದು. ಬೆಳಕಿಗೆ ಬೆನ್ನು ಮಾಡಿ ಕುಳಿತ ಹಕ್ಕಿಯೆಲ್ಲ ಕಪ್ಪೇ. ಗದ್ದೆಯ ಬದುವಿನಲ್ಲಿ ಮಣ್ಣುಬಣ್ಣದ ಮುದ್ದೆಯಂತೆ ಕುಳಿತಿರುವ ಕೊಳಬಕ ಹಾರಿದೊಡನೆ ರೆಕ್ಕೆಯ ಬಿಳುಪು ಬಿಚ್ಚಿಕೊಂಡು ಬೇರೆಯೇ ಹಕ್ಕಿಯಾಗಿ ತೋರುತ್ತದೆ. ಕೋಗಿಲೆಯ ವಿಷಯದಲ್ಲಂತೂ ಬಣ್ಣವನ್ನು ನಂಬಿದವರು ಅರ್ಧ ಕೋಗಿಲೆಗಳನ್ನು ಕಳೆದುಕೊಳ್ಳುತ್ತಾರೆ. ಕೆಂಪು ಕಣ್ಣಿನ ಕಪ್ಪು ಹಕ್ಕಿ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಗಳೂ ಪಟ್ಟೆಗಳೂ ಇರುವುದು ಹೆಣ್ಣು. ಕವಿಗಳು ಹೊಗಳುವ ಆ ಏರುಸ್ವರ ಗಂಡಿನದು. ಹೆಣ್ಣು 'ಕಿಕ್ ಕಿಕ್ ಕಿಕ್' ಎಂದು ಚೀರುತ್ತದೆ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಪಠ್ಯದಲ್ಲಿ ಹೆಣ್ಣುದನಿಗೆ ಕೋಗಿಲೆಯ ಹೋಲಿಕೆ ಬಂದಾಗ ಈ ಸಂಗತಿಯನ್ನು ಹೇಳಿದರೆ ಕಾವ್ಯಕ್ಕೆ ನಷ್ಟವಿಲ್ಲ, ಮಕ್ಕಳಿಗೆ ನಗು ದಕ್ಕುತ್ತದೆ.

ಹಾಗಾದರೆ ಮೊದಲು ನೋಡಬೇಕಾದುದೇನು? ಗಾತ್ರ. ಗಾತ್ರವನ್ನು ಸೆಂಟಿಮೀಟರಿನಲ್ಲಿ ಹೇಳುವುದು ಮಕ್ಕಳಿಗೆ ಉಪಯೋಗವಿಲ್ಲ. ಗುಬ್ಬಚ್ಚಿ, ಮೈನಾ, ಕಾಗೆ, ಹದ್ದು ಎಂಬ ನಾಲ್ಕು ಅಳತೆಗೋಲುಗಳನ್ನು ಕೊಟ್ಟರೆ, 'ಮೈನಾಕ್ಕಿಂತ ಸಣ್ಣದು, ಗುಬ್ಬಚ್ಚಿಗಿಂತ ದೊಡ್ಡದು' ಎಂದು ಪಿಕಳಾರವನ್ನು ಅವರೇ ಸರಿಯಾದ ಜಾಗದಲ್ಲಿ ಕೂರಿಸುತ್ತಾರೆ. ಆಮೇಲೆ ಕೊಕ್ಕು. ಕೊಕ್ಕನ್ನು ನೋಡಿದರೆ ಹಕ್ಕಿಯ ಊಟ ಗೊತ್ತಾಗುತ್ತದೆ: ದಾಸವಾಳದ ಹೂವಿಗೆ ಮೂಗು ತೂರುವ ಸೂರಕ್ಕಿಯದು ಬಾಗಿದ ಸೂಜಿ, ಕಾಳು ಒಡೆಯುವ ಗುಬ್ಬಚ್ಚಿಯದು ಮೋಟು ಗೂಟ, ಮಿಂಚುಳ್ಳಿಯದು ಮೈಗೆ ಮೀರಿದ ಕಠಾರಿ. ಅದರ ನಂತರ ನಡತೆ. ನೆಲದಲ್ಲಿ ನಡೆಯುತ್ತದೆಯೋ ಕುಪ್ಪಳಿಸುತ್ತದೆಯೋ, ಬಾಲವನ್ನು ಎತ್ತಿಳಿಸುತ್ತದೆಯೋ, ಒಂಟಿಯೋ ಗುಂಪೋ, ಒಂದೇ ಕೊಂಬೆಯಿಂದ ಹಾರಿ ಹುಳ ಹಿಡಿದು ಅದೇ ಕೊಂಬೆಗೆ ಮರಳುತ್ತದೆಯೋ. ಕೊನೆಗೆ ಸ್ಥಳ ಮತ್ತು ಹೊತ್ತು. ಇಷ್ಟು ಹೇಳಬಲ್ಲ ಮಗುವಿಗೆ ಹೆಸರು ತಿಳಿಯದಿದ್ದರೂ ಹಕ್ಕಿ ಪರಿಚಯವಾದಂತೆಯೇ.

ದುರ್ಬೀನು ಇದ್ದರೆ ಒಳ್ಳೆಯದು. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಒಂದು ಶಾಲೆಗೆ ಧಾರಾಳವಾಗಿ ಸಾಕು. ಆದರೆ ಇಲ್ಲದಿದ್ದರೆ ಪಾಠ ನಿಲ್ಲಬಾರದು. ಮೊದಲ ವರ್ಷ ದುರ್ಬೀನು ಇಲ್ಲದಿರುವುದೇ ಲೇಸು ಎಂದೂ ಹೇಳಬಹುದು. ಅದು ಕೈಗೆ ಬಂದ ದಿನ ಮಕ್ಕಳು ನೋಡುವುದು ಹಕ್ಕಿಯನ್ನಲ್ಲ, ದುರ್ಬೀನನ್ನು.

ಹೊತ್ತಿನ ತೊಡಕು ನಿಜವಾದದ್ದು. ಹಕ್ಕಿಗಳು ಚುರುಕಾಗಿರುವುದು ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ, ಶಾಲೆಯ ಗಂಟೆ ಬಾರಿಸುವುದು ಹತ್ತಕ್ಕೆ. ಆ ಹೊತ್ತಿನಲ್ಲಿ ಕೆಲವು ಮಕ್ಕಳು ಮದ್ರಸದಲ್ಲಿರುತ್ತಾರೆ, ಕೆಲವರು ಡೈರಿಗೆ ಹಾಲು ಕೊಡಲು ಹೋಗಿರುತ್ತಾರೆ, ಉಳಿದವರು ಬಸ್ಸಿಗೆ ಕಾಯುತ್ತಿರುತ್ತಾರೆ. ಹಾಗಾಗಿ ಎಲ್ಲರನ್ನೂ ಮುಂಜಾನೆ ಶಾಲೆಗೆ ಕರೆಯುವ ಯೋಜನೆ ಒಂದೆರಡು ದಿನಕ್ಕೆ ಮುಗಿದುಹೋಗುತ್ತದೆ. ದಾರಿಯನ್ನೇ ತರಗತಿ ಮಾಡುವುದು ಇದಕ್ಕಿಂತ ಉತ್ತಮ. ಪ್ರತಿಯೊಂದು ಮಗುವೂ ಮನೆಯಿಂದ ಶಾಲೆಗೆ ಅಥವಾ ಬಸ್ ನಿಲ್ದಾಣಕ್ಕೆ ನಡೆಯುವ ದಾರಿ ಅದರ ಸ್ವಂತ ವೀಕ್ಷಣಾಸ್ಥಾನ. ತೋಟದ ದಾರಿಯ ಮಗುವಿಗೆ ಕಾಣದ ಹಕ್ಕಿ ಕಡಲ ದಾರಿಯ ಮಗುವಿಗೆ ಕಾಣುತ್ತದೆ. ಇಬ್ಬರೂ ತಂದದ್ದನ್ನು ಹತ್ತು ಗಂಟೆಗೆ ತರಗತಿಯಲ್ಲಿ ಕೂಡಿಸಿದರೆ ಜಿಲ್ಲೆಯ ಒಂದು ತುಂಡು ನಕ್ಷೆ ಸಿದ್ಧವಾಗುತ್ತದೆ.

ತೋಟ, ಪದವು, ಅಳಿವೆ

ಅಡಿಕೆ ತೋಟದ ದಾರಿಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಕುಟ್ರು ಹಕ್ಕಿ ಎಲೆಯಷ್ಟೇ ಹಸಿರಾಗಿರುವುದರಿಂದ ಕೂಗು ಕೇಳಿ ಅರ್ಧ ಗಂಟೆ ಹುಡುಕಿದರೂ ಕಾಣದಿರಬಹುದು. ಭೀಮರಾಜನನ್ನು ನೋಡುವುದು ಸುಲಭ. ಬಾಲದ ತುದಿಯಿಂದ ಎರಡು ಸಣ್ಣ ಕಡ್ಡಿಗಳು ಇಳಿದು ಅವುಗಳ ಕೊನೆಯಲ್ಲಿ ಪುಟ್ಟ ಬೀಸಣಿಗೆಗಳು ತೂಗುತ್ತಿರುತ್ತವೆ. ಹಾರುವಾಗ ಎರಡು ದುಂಬಿಗಳು ಬೆನ್ನಟ್ಟಿ ಬರುತ್ತಿರುವಂತೆ ಭಾಸವಾಗುತ್ತದೆ. ಆದರೆ ಅದರ ಕಂಠವನ್ನು ನಂಬುವಂತಿಲ್ಲ. ಅದು ಇತರ ಹಕ್ಕಿಗಳ ಕೂಗನ್ನೂ ಬೇಟೆಗಾರ ಹಕ್ಕಿಯ ದನಿಯನ್ನೂ ಅನುಕರಿಸುತ್ತದೆ. ತೋಟದಲ್ಲಿ ಐದು ಹಕ್ಕಿಗಳ ಕೂಗು ಕೇಳಿತೆಂದು ಬರೆದ ವಿದ್ಯಾರ್ಥಿಯು ಕೇಳಿದ್ದು ಒಂದೇ ಭೀಮರಾಜನನ್ನಾಗಿರಬಹುದು.

ಪದವು, ಎಂದರೆ ಮುರಕಲ್ಲಿನ ಬಯಲುಗುಡ್ಡ, ಬೇಸಗೆಯಲ್ಲಿ ನೋಡುವವರಿಗೆ ಬರಿದೋ ಬರಿದು. ಕಲ್ಲು ಕಡಿಯುವುದಕ್ಕಲ್ಲದೆ ಇನ್ನಾವುದಕ್ಕೂ ಬಾರದ ಜಾಗ ಎಂಬ ಭಾವನೆಯೂ ಇದೆ. ಈ ಬರಿದಾದ ನೆಲವೇ ಹಳದಿ ಟಿಟ್ಟಿಭದ ಮನೆ. ಕಣ್ಣಿನ ಮುಂದೆ ಹಳದಿ ಚರ್ಮದ ಜೋಲು, ತಲೆಗೆ ಕಪ್ಪು ಟೋಪಿ, ಉದ್ದನೆಯ ಹಳದಿ ಕಾಲು. ಇದು ಗೂಡು ಕಟ್ಟುವುದಿಲ್ಲ. ಜಲ್ಲಿಕಲ್ಲುಗಳ ನಡುವೆ ನೆಲವನ್ನು ತುಸು ಕೆದಕಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನ ಬಣ್ಣವೂ ಎಷ್ಟು ಒಂದಾಗಿರುತ್ತವೆಯೆಂದರೆ, ಎರಡು ಮಾರು ದೂರದಲ್ಲಿ ನಿಂತವರಿಗೂ ಕಾಣುವುದಿಲ್ಲ. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದದ್ದು ಸಮುದ್ರ. ಪದವಿನಲ್ಲಿ ಅವುಗಳ ಮೇಲೆ ಹೋಗುವುದು ಕ್ರಿಕೆಟ್ ಆಡುವವರ ಕಾಲು ಮತ್ತು ಕಲ್ಲುಕೋರೆಯ ಲಾರಿಯ ಗಾಲಿ. ಮಕ್ಕಳನ್ನು ಪದವಿಗೆ ಕರೆದೊಯ್ಯುವ ಅಧ್ಯಾಪಕರು ಇದನ್ನು ಮೊದಲೇ ತಿಳಿಸಬೇಕು. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚಲು ತೊಡಗಿದರೆ ಮೊಟ್ಟೆ ಹತ್ತಿರದಲ್ಲಿದೆಯೆಂದು ಅರ್ಥ. ಆಗ ಹುಡುಕುವುದಲ್ಲ, ಬಂದ ದಾರಿಯಲ್ಲೇ ಹಿಂದಿರುಗುವುದು. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯುವ ಚಟವನ್ನು ಶಾಲೆಯೇ ಕಲಿಸಬಾರದು.

ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ, ಚಂದ್ರಗಿರಿಯ ಬಳಿಯಾಗಲಿ ಕುಂಬಳೆಯ ಬಳಿಯಾಗಲಿ, ಮೀನು ಹಿಡಿಯುವ ಹಕ್ಕಿಗಳದ್ದೇ ಸಾಮ್ರಾಜ್ಯ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಆಕಾಶದಲ್ಲಿ ಸುತ್ತುವ ದೊಡ್ಡ ಹಕ್ಕಿಗಳನ್ನೆಲ್ಲ ಹದ್ದು ಎಂದು ಕರೆಯುವುದು. ಬಾಲವನ್ನು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಬಾಲದ ತುದಿ ಕವಲೊಡೆದಂತೆ ಇದ್ದರೆ ಕರಿಹದ್ದು. ಬಾಲ ದುಂಡಾಗಿ, ಮೈ ಇಟ್ಟಿಗೆಕೆಂಪಾಗಿ, ತಲೆ ಮತ್ತು ಎದೆ ಬೆಳ್ಳಗಿದ್ದರೆ ಗರುಡ, ಮಲೆಯಾಳದಲ್ಲಿ ಕೃಷ್ಣಪ್ಪರುಂದ್. ಗರುಡನ ಮರಿಯು ಕಂದು ಬಣ್ಣದ್ದಾಗಿ ಕರಿಹದ್ದನ್ನು ಹೋಲುವುದರಿಂದ ಅಲ್ಲಿಯೂ ಬಾಲವೇ ಗತಿ. ಇವೆರಡಕ್ಕಿಂತಲೂ ಬಹಳ ದೊಡ್ಡದಾಗಿ, ರೆಕ್ಕೆಗಳನ್ನು ಮೇಲಕ್ಕೆತ್ತಿ ಬೋಗುಣಿಯಾಕಾರದಲ್ಲಿ ತೇಲುತ್ತ, ಕೆಳಗಿನಿಂದ ನೋಡಿದಾಗ ಮೈ ಅಚ್ಚಬಿಳಿ, ರೆಕ್ಕೆಯ ಹಿಂಬದಿ ಕಪ್ಪು ಎಂದು ಕಂಡರೆ ಅದು ಬಿಳಿಹೊಟ್ಟೆಯ ಕಡಲಹದ್ದು. ಅದರ ಬಾಲ ಗಿಡ್ಡ, ಬೆಣೆಯ ಆಕಾರದ್ದು. ಕರಾವಳಿಯ ಎತ್ತರದ ಮರಗಳಲ್ಲಿ ಕಡ್ಡಿಗಳ ಬೃಹತ್ ಗೂಡು ಕಟ್ಟಿ, ವರ್ಷ ವರ್ಷವೂ ಅದಕ್ಕೇ ಕಡ್ಡಿ ಸೇರಿಸುತ್ತ ಹೋಗುವ ಈ ಹಕ್ಕಿಯನ್ನು ಕಾಸರಗೋಡಿನ ಜಿಲ್ಲಾಪಕ್ಷಿಯೆಂದು ಘೋಷಿಸಲಾಗಿದೆ. ಅದರ ಗೂಡು ಉಳಿಯಬೇಕಾದರೆ ಹಳೆಯ ಮರ ಉಳಿಯಬೇಕು. ಕೇರಳದ ರಾಜ್ಯಪಕ್ಷಿ ಮಂಗಟ್ಟೆ, ಕರ್ನಾಟಕದ್ದು ನೀಲಕಂಠ ಎಂಬುದನ್ನು ಪ್ರಶ್ನೋತ್ತರಕ್ಕಾಗಿ ಬಾಯಿಪಾಠ ಮಾಡುವ ಮಕ್ಕಳಿಗೆ ತಮ್ಮ ಜಿಲ್ಲೆಯ ಹಕ್ಕಿಯನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದೆಂಬುದು ಹೊಸ ಸುದ್ದಿಯಾದೀತು.

ಹೆಸರುಗಳ ಪಾಠ

ಕನ್ನಡದ ಅಧ್ಯಾಪಕರು ಹೆಚ್ಚು ಹೊತ್ತು ನಿಲ್ಲಬೇಕಾದ ಭಾಗ ಇದು. ಗೋಡೆಗೆ ದೊಡ್ಡದೊಂದು ಹಾಳೆಯನ್ನು ಅಂಟಿಸಿ, ಕಂಡ ಹಕ್ಕಿಗೆ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಬಂದು ಬರೆಯುವಂತೆ ಮಕ್ಕಳಿಗೆ ಹೇಳಬೇಕು. ಹೆಸರು ಯಾವ ಭಾಷೆಯದಾದರೂ ಸರಿ, ಲಿಪಿ ಕನ್ನಡದ್ದಾಗಿರಲಿ. ಒಂದು ತಿಂಗಳಲ್ಲಿ ಆ ಹಾಳೆ ಪಠ್ಯಪುಸ್ತಕವು ಕೊಡಲಾರದ ಪಾಠವಾಗುತ್ತದೆ.

ಹಕ್ಕಿ ಎಂಬ ಮಾತಿನಿಂದಲೇ ತೊಡಗಬಹುದು. ತುಳುವಿನ ಮಗು ಪಕ್ಕಿ ಎನ್ನುತ್ತದೆ. ಅದನ್ನು ತಪ್ಪು ಕನ್ನಡವೆಂದು ತಿದ್ದುವ ಮೊದಲು, ಹಳಗನ್ನಡದಲ್ಲಿಯೂ ಅದು ಪಕ್ಕಿಯೇ ಆಗಿತ್ತೆಂಬುದನ್ನು ನೆನೆಯಬೇಕು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಕನ್ನಡದ ಪಕ್ಕಿ ಹಕ್ಕಿಯಾಯಿತು. ತುಳುವಿನಲ್ಲಿ ಪಕಾರ ಉಳಿಯಿತು. ವ್ಯಾಕರಣದ ತರಗತಿಯಲ್ಲಿ ಒಣಗಿದ ಸೂತ್ರವಾಗಿ ಕಾಣುವ ಪಕಾರ ಹಕಾರಗಳ ಮಾತು ಇಲ್ಲಿ ಮುಂದಿನ ಬೆಂಚಿನ ಹುಡುಗಿಯ ಬಾಯಲ್ಲಿಯೇ ಜೀವಂತವಾಗಿದೆ.

ಕೆಂಬೂತದ ಹೆಸರು ಇನ್ನೊಂದು ಬಾಗಿಲನ್ನು ತೆರೆಯುತ್ತದೆ. ಕಾಗೆಯ ಗಾತ್ರದ ಕಪ್ಪು ಮೈ, ಕಾವಿಕೆಂಪಿನ ರೆಕ್ಕೆ, ಕೆಂಪು ಕಣ್ಣು; ಬೇಲಿಯ ಬುಡದಲ್ಲಿ ನಡೆಯುತ್ತ ಊಪ್ ಊಪ್ ಎಂದು ಗಂಭೀರವಾಗಿ ಹೂಂಕರಿಸುವ ಹಕ್ಕಿ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡಿತು ಎಂಬ ಗಾದೆ ಮಕ್ಕಳಿಗೆ ಗೊತ್ತು; ಗಾದೆಯ ಕೆಂಬೂತವೂ ತಮ್ಮ ಬೇಲಿಯ ಕುಪ್ಪುಳುವೂ ಒಂದೇ ಎಂಬುದು ಗೊತ್ತಿಲ್ಲ. ತುಳುವಿನಲ್ಲಿ ಅದು ಕುಪ್ಪುಳು. ಮಲೆಯಾಳದಲ್ಲಿ ಅದಕ್ಕೆ ಎರಡು ಹೆಸರು: ಕೂಗಿನಿಂದ ಬಂದ ಉಪ್ಪನ್, ಬಣ್ಣದಿಂದ ಬಂದ ಚೆಂಬೋತ್ತ್. ಕನ್ನಡದ ಕೆಂ ಎಂಬುದು ಮಲೆಯಾಳದಲ್ಲಿ ಚೆಂ ಆಗಿದೆ. ಇದೇ ಬಗೆಯಲ್ಲಿ ಕನ್ನಡದ ಕಿವಿ ಮಲೆಯಾಳದಲ್ಲಿ ಚೆವಿ, ಕನ್ನಡದ ಕೆರೆ ಅಲ್ಲಿ ಚಿರ. ಇ ಮತ್ತು ಎ ಸ್ವರಗಳ ಮುಂದೆ ಕನ್ನಡ ಕಕಾರವನ್ನು ಉಳಿಸಿಕೊಂಡಿತು, ಮಲೆಯಾಳ ಮತ್ತು ತಮಿಳು ಚಕಾರ ಮಾಡಿಕೊಂಡವು. ಭಾಷೆಗಳ ನೆಂಟಸ್ತಿಕೆಯನ್ನು ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿದೆ? ಎರಡೂ ಮಾತನ್ನು ದಿನವೂ ಆಡುವ ಗಡಿನಾಡಿನ ಮಗು ಇದನ್ನು ಗ್ರಹಿಸುವಷ್ಟು ಬೇಗ ಮೈಸೂರಿನ ಮಗು ಗ್ರಹಿಸಲಾರದು.

ಕೆಲವೊಮ್ಮೆ ಶಬ್ದ ಬೇರೆಯಾದರೂ ಎರಡು ಭಾಷೆಗಳ ಕಲ್ಪನೆ ಒಂದೇ ಆಗಿರುತ್ತದೆ. ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಬಾವಿಕಟ್ಟೆಯ ಬಳಿ ಬಾಲವೆತ್ತಿ ಹಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ಮಲೆಯಾಳದಲ್ಲಿ ಅದು ವಣ್ಣಾತ್ತಿಪ್ಪುಳ್ಳ್. ವಣ್ಣಾತ್ತಿ ಎಂದರೆ ಬಟ್ಟೆ ಒಗೆಯುವವಳು. ಒಗೆದ ಬಟ್ಟೆಯ ಬಿಳುಪು ಎರಡೂ ನಾಡಿನವರ ಕಣ್ಣಿಗೆ ಒಂದೇ ತೆರನಾಗಿ ಕಂಡಿದೆ. ಕನ್ನಡ ಗಂಡಾಗಿಸಿತು, ಮಲೆಯಾಳ ಹೆಣ್ಣಾಗಿಸಿತು. ಸದಾ ಬಾಲ ಕುಣಿಸುವ ಹಕ್ಕಿಗೆ ಮಲೆಯಾಳದಲ್ಲಿ ವಾಲುಕುಲುಕ್ಕಿ, ಎಂದರೆ ಬಾಲ ಕುಲುಕುವುದು, ಕನ್ನಡದಲ್ಲಿ ಕುಂಡೆಕುಸ್ಕ. ಈ ಹೆಸರನ್ನು ಹಲಗೆಯ ಮೇಲೆ ಬರೆದ ದಿನ ತರಗತಿಯಲ್ಲಿ ಶಿಸ್ತು ಉಳಿಯುವುದಿಲ್ಲ. ಆದರೆ ಆ ಹಕ್ಕಿಯನ್ನು ಮತ್ತೆ ಯಾರೂ ಮರೆಯುವುದೂ ಇಲ್ಲ.

ಬೇರೆ ಕೆಲವು ಹೆಸರುಗಳಲ್ಲಿ ಒಂದು ಭಾಷೆ ಬಿಟ್ಟದ್ದನ್ನು ಇನ್ನೊಂದು ಹೇಳುತ್ತದೆ. ಆರೇಳು ಕೂಡಿ ಗದ್ದಲ ಮಾಡುವ ಬೂದುಹಕ್ಕಿಯನ್ನು ಕನ್ನಡ ಅದರ ಬಾಯಿಯಿಂದ ಗುರುತಿಸಿ ಹರಟೆಮಲ್ಲ ಎಂದಿತು. ಮಲೆಯಾಳ ಅದರ ಕಾಲ ಕೆಳಗೆ ನೋಡಿ, ಒಣಗಿದ ಎಲೆಗಳ ನಡುವಿನ ಹಕ್ಕಿ ಎಂಬ ಅರ್ಥದಲ್ಲಿ ಕರಿಯಿಲಕ್ಕಿಳಿ ಎಂದಿತು. ಎಲೆ ಹೊಲಿದು ಗೂಡು ಮಾಡುವ ಪುಟ್ಟ ಹಕ್ಕಿ ಕನ್ನಡದಲ್ಲಿ ಕೂಗಿನಿಂದ ಟುವ್ವಿ, ಮಲೆಯಾಳದಲ್ಲಿ ಕಸುಬಿನಿಂದ ತುನ್ನಾರನ್, ಎಂದರೆ ದರ್ಜಿ. ಗುಬ್ಬಚ್ಚಿಗೆ ಮಲೆಯಾಳದಲ್ಲಿ ಅಂಗಾಡಿಕ್ಕುರುವಿ, ಎಂದರೆ ಅಂಗಡಿಯ ಹಕ್ಕಿ. ಸಣ್ಣ ಹಕ್ಕಿಯೆಲ್ಲ ಗುಬ್ಬಚ್ಚಿಯೆನ್ನುವ ಮಕ್ಕಳಿಗೆ ಈ ಹೆಸರು ಒಂದು ವಿಳಾಸವನ್ನು ಕೊಡುತ್ತದೆ: ನಿಜವಾದ ಗುಬ್ಬಚ್ಚಿಯನ್ನು ನೋಡಬೇಕಾದರೆ ತೋಟದಲ್ಲಲ್ಲ, ಪೇಟೆಯ ಅಕ್ಕಿ ಜೀನಸಿನ ಅಂಗಡಿಗಳ ಮುಂದೆ ಹುಡುಕಬೇಕು.

ಯಾವುದು ಸರಿಯಾದ ಹೆಸರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಶಾಲೆಯ ಗ್ರಂಥಾಲಯದಲ್ಲಿರಬೇಕಾದ ಪುಸ್ತಕ. ಇಂದುಚೂಡನ್ ಎಂಬ ಹೆಸರಿನಲ್ಲಿ ಬರೆದ ಕೆ. ಕೆ. ನೀಲಕಂಠನ್ ಅವರ 'ಕೇರಳತ್ತಿಲೆ ಪಕ್ಷಿಗಳ್' 1958ರಲ್ಲಿ ಪ್ರಕಟವಾಗಿ ಮಲೆಯಾಳದಲ್ಲಿ ಹಲವು ತಲೆಮಾರಿನ ಓದುಗರನ್ನು ಹಕ್ಕಿಗಳ ಕಡೆಗೆ ತಿರುಗಿಸಿತು. ನೀಲಕಂಠನ್ ಅವರು ವೃತ್ತಿಯಿಂದ ಅಧ್ಯಾಪಕರು ಎಂಬುದನ್ನು ಈ ಕೈಪಿಡಿಯ ಓದುಗರು ವಿಶೇಷವಾಗಿ ಗಮನಿಸಬಹುದು. ಪುಸ್ತಕದ ಹೆಸರನ್ನು ಬರೆಯುವಾಗ ಮನೆಯ ಹೆಸರನ್ನು ಅಳಿಸದಿರುವುದೇ ಸರಿಯಾದ ಕ್ರಮ. ಎಲ್ಲಿಯೂ ಕನ್ನಡದ ಹೆಸರು ಸಿಗದಿದ್ದರೆ ಇಂಗ್ಲಿಷಿನ ಹೆಸರನ್ನು ಶಬ್ದಶಃ ಕನ್ನಡಕ್ಕೆ ತಿರುಗಿಸುವ ಆತುರ ಬೇಡ. ಅಂಥ ಹೆಸರುಗಳು ಹಾಳೆಯ ಮೇಲೆ ಉಳಿಯುತ್ತವೆ, ನಾಲಗೆಗೆ ಇಳಿಯುವುದಿಲ್ಲ. ಮಕ್ಕಳು ತಾವೇ ಒಂದು ಹೆಸರಿಟ್ಟುಕೊಂಡರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿಡಲಿ.

ಬರೆದಿಟ್ಟ ಪುಸ್ತಕ

ನೋಡಿದ್ದನ್ನು ಬರೆಯದಿದ್ದರೆ ಈ ಚಟುವಟಿಕೆ ವಿಹಾರವಾಗಿ ಮುಗಿಯುತ್ತದೆ. ಬರೆಯುವ ಕ್ರಮ ಸರಳ. ಶಾಲೆಗೆ ಒಂದು ದಪ್ಪ ಪುಸ್ತಕ. ತಾರೀಕು, ಹೊತ್ತು, ಸ್ಥಳ, ಮಳೆಯೋ ಬಿಸಿಲೋ ಎಂಬ ಒಂದು ಮಾತು, ಆಮೇಲೆ ಹಕ್ಕಿ ಮತ್ತು ಸಂಖ್ಯೆ. ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ ಹದಿನೈದು ನಿಮಿಷ ನಿಂತು ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಬೇಕು. ಎಲ್ಲ ಎಂದರೆ ಕಾಗೆಯನ್ನೂ ಎಂದು ಪ್ರತಿಸಲವೂ ನೆನಪಿಸಬೇಕಾಗುತ್ತದೆ; ಮಕ್ಕಳು ಅಪರೂಪದ ಹಕ್ಕಿಯ ಆಸೆಯಲ್ಲಿ ಕಾಗೆಯನ್ನು ಬಿಟ್ಟುಬಿಡುತ್ತಾರೆ. ಹಕ್ಕಿ ಕಾಣದ ದಿನವನ್ನೂ ಬರೆಯಬೇಕು. ಖಚಿತವಾಗಿ ಗೊತ್ತಾಗದ ಹಕ್ಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದಕ್ಕೆ ಮಕ್ಕಳು ನಾಚುತ್ತಾರೆ, ಅಧ್ಯಾಪಕರು ಇನ್ನೂ ಹೆಚ್ಚು ನಾಚುತ್ತಾರೆ. ಆ ಚಿಹ್ನೆಯನ್ನು ಮೊದಲ ಪುಟದಲ್ಲಿ ಅಧ್ಯಾಪಕರೇ ಹಾಕಿ ತೋರಿಸುವುದು ಒಳ್ಳೆಯದು. ಹೆಚ್ಚು ಹೆಸರು ಬರೆದವರಿಗೆ ಹೆಚ್ಚು ಅಂಕ ಎಂಬ ಪದ್ಧತಿಯನ್ನು ತಂದರೆ ಒಂದೇ ವಾರದಲ್ಲಿ ಪದವಿನ ಮೇಲೆ ಹದ್ದುಗಳು ತುಂಬಿಹೋಗುತ್ತವೆ, ಪುಸ್ತಕ ಕೆಡುತ್ತದೆ.

ಈ ಎಣಿಕೆ ಮಕ್ಕಳಾಟವಲ್ಲ ಎಂಬುದಕ್ಕೆ ಕೇರಳದಲ್ಲೇ ದೊಡ್ಡ ನಿದರ್ಶನವಿದೆ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ರಾಜ್ಯದ ಪಕ್ಷಿ ನಕಾಶೆಯನ್ನು ಸಿದ್ಧಗೊಳಿಸಿದರು. ರಾಜ್ಯವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಬೇಸಗೆಗೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನಡೆದು ಎಣಿಸಿದ ಈ ಕೆಲಸದಲ್ಲಿ ಸುಮಾರು 25,000 ಪಟ್ಟಿಗಳೂ ಮೂರು ಲಕ್ಷದಷ್ಟು ದಾಖಲೆಗಳೂ ಕೂಡಿಬಂದವು. 361 ಜಾತಿಯ ಹಕ್ಕಿಗಳು ದಾಖಲಾದವು. ಅವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ, ಹಕ್ಕಿಗಳ ಬಗೆಗೆ ಒಲವುಳ್ಳ ಸಾಮಾನ್ಯರು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಪಕ್ಷಿಗಣತಿಯಲ್ಲಿ ಶಾಲೆಗಳೂ ಭಾಗವಹಿಸಬಹುದು. ಅಲ್ಲಿಯೂ ಬೇಕಾದುದು ಇದೇ ಹದಿನೈದು ನಿಮಿಷ.

ಬರೆದಿಟ್ಟ ಲೆಕ್ಕದ ಬೆಲೆಯನ್ನು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯಂಥ ಊರುಗಳ ಮಕ್ಕಳ ಮೇಲೆ ಅದು ಮಾಡಿದ ಗಾಯ ಇನ್ನೂ ಮಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಜೇನು ಹೋಯಿತು, ಕಪ್ಪೆ ಹೋಯಿತು, ಹಕ್ಕಿಯ ದನಿ ಹೋಯಿತು ಎಂದು ಆ ಕಾಲದ ಹಿರಿಯರು ಹೇಳುತ್ತಾರೆ. ಯಾವ ಹಕ್ಕಿ, ಎಷ್ಟಿತ್ತು, ಯಾವ ವರ್ಷದಿಂದ ಕಾಣಲಿಲ್ಲ ಎಂದು ಕೇಳಿದರೆ ಮಾತ್ರ ನೆನಪು ತಡವರಿಸುತ್ತದೆ, ನೆನಪಿಗೆ ತಾರೀಕಿಲ್ಲ. ಅಂಥ ಒಂದು ಊರಿನ ಶಾಲೆಯಲ್ಲಿ ವಾರಕ್ಕೊಮ್ಮೆ ಹಕ್ಕಿ ಎಣಿಸಿದ ಪುಸ್ತಕ ಇದ್ದಿದ್ದರೆ ಅದು ಎಂಥ ಸಾಕ್ಷಿಯಾಗುತ್ತಿತ್ತು ಎಂಬುದನ್ನು ಮೇಲಿನ ತರಗತಿಗಳ ಮಕ್ಕಳೊಡನೆ ಚರ್ಚಿಸಬಹುದು. ಆ ವಿಷಯವನ್ನು ಎತ್ತುವಾಗ ತರಗತಿಯಲ್ಲಿ ಸಂತ್ರಸ್ತ ಕುಟುಂಬದ ಮಗು ಇದೆಯೇ ಎಂಬ ಎಚ್ಚರ ಅಧ್ಯಾಪಕರಿಗೆ ಇರಲಿ.

ಬದಲಾವಣೆ ಕಳೆದುಕೊಳ್ಳುವುದರಲ್ಲಿ ಮಾತ್ರ ಇಲ್ಲ. ನವಿಲು ಈಗ ಅಂಗಳಕ್ಕೆ ಬರುತ್ತದೆ, ಗದ್ದೆಯ ಪೈರನ್ನೂ ತರಕಾರಿಯನ್ನೂ ಹಾಳುಮಾಡುತ್ತದೆ. ಅಜ್ಜ ಅಜ್ಜಿಯರು ಚಿಕ್ಕವರಿದ್ದಾಗ ಅಂಗಳದಲ್ಲಿ ನವಿಲನ್ನು ಕಂಡಿದ್ದರೇ ಎಂದು ಮಕ್ಕಳು ಮನೆಯಲ್ಲಿ ಕೇಳಿ ಬರಲಿ. ಕೇರಳದಲ್ಲಿ ನವಿಲು ಹೊಸ ಹೊಸ ಜಾಗಗಳಿಗೆ ಹರಡುತ್ತಿರುವುದನ್ನು ನಾಡಿನ ಹವೆ ಒಣಗುತ್ತಿರುವುದರ ಗುರುತೆಂದು ಸಂಶೋಧಕರು ಕಂಡಿದ್ದಾರೆ. ರಾಷ್ಟ್ರಪಕ್ಷಿ ಬಂದಿತೆಂಬ ಸಂತೋಷದ ಜೊತೆಗೆ ಇದನ್ನೂ ತೂಗಿ ನೋಡುವುದು ಎಂಟನೆಯ ತರಗತಿಯವರಿಗೆ ತಕ್ಕ ಪ್ರಬಂಧ ವಿಷಯ.

ಪಂಜರದ ಗಿಳಿಯ ಪ್ರಶ್ನೆಯೂ ಯಾವುದಾದರೂ ಒಂದು ದಿನ ಏಳುತ್ತದೆ. ನಮ್ಮ ಕಾಡು ತೋಟಗಳ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇದನ್ನು ತಿಳಿಸುವಾಗ ಗಿಳಿ ಸಾಕಿದ ಮನೆಯ ಮಗುವನ್ನು ತರಗತಿಯ ಮುಂದೆ ನಿಲ್ಲಿಸಬಾರದು.

ವರ್ಷದ ಚಟುವಟಿಕೆಯನ್ನು ಜೂನಿನಲ್ಲಿ ಆರಂಭಿಸಿದರೆ ಮೊದಲ ತಿಂಗಳುಗಳು ಮಳೆಯಲ್ಲಿ ಕಳೆಯುತ್ತವೆ. ಜಗಲಿಯಿಂದ ಕಾಣುವಷ್ಟೇ ಸಾಕು. ನಿಜವಾದ ಹಬ್ಬ ಮಳೆ ಹಿಂಜರಿದ ಮೇಲೆ, ವಲಸೆ ಬರುವ ಹಕ್ಕಿಗಳ ಕಾಲದಲ್ಲಿ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯ ಭಾರತದಲ್ಲಿಯೂ ಮರಿ ಮಾಡಿದ ನವರಂಗ ಹಕ್ಕಿ ಆಗ ತೆಂಕಣಕ್ಕೆ ಇಳಿದು ಬನಗಳ ನೆರಳಿಗೂ ತೋಟದ ತರಗೆಲೆಗಳಿಗೂ ಬಂದು ಸೇರುತ್ತದೆ. ಹಸಿರು, ನೀಲಿ, ಕೆಂಪು, ಕಂದು, ಕಪ್ಪು, ಬಿಳಿ ಎಲ್ಲವನ್ನೂ ಮೈಮೇಲೆ ಹೊತ್ತಿದ್ದರೂ ನೆಲದಲ್ಲಿ ಕುಪ್ಪಳಿಸುವ ಈ ಮೋಟುಬಾಲದ ಹಕ್ಕಿ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಎರಡು ಸ್ವರದ ಸ್ಪಷ್ಟವಾದ ಸಿಳ್ಳು ಹಾಕುತ್ತದೆ. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆದಿದ್ದಾರೆ. ಅಕ್ಟೋಬರಿನಿಂದ ಮಕ್ಕಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕಿವಿಗೊಟ್ಟು ಕುಳಿತುಕೊಳ್ಳಲಿ. ಸಿಳ್ಳು ಮೊದಲು ಕೇಳಿದ ಮನೆ ಯಾವುದು, ತಾರೀಕು ಯಾವುದು ಎಂಬುದನ್ನು ಮರುದಿನ ಶಾಲೆಯ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ವರ್ಷ ಅದೇ ಪುಟವನ್ನು ತೆರೆದು ನೋಡಲು ಆ ತಾರೀಕು ಬೇಕಾಗುತ್ತದೆ.